ಅಡಿಕೆ ತೋಟದ ಎರೆಹುಳು: ಮದ್ದಿನ ಏಟು ಅಳೆಯುವುದು ಹೇಗೆ, ತಗ್ಗಿಸುವುದು ಹೇಗೆ?

ಮಲೆನಾಡಿನ ತೋಟದಲ್ಲಿ ಎರೆಹುಳು ವರ್ಷವಿಡೀ ಒಂದೇ ತರ ಕೆಲಸ ಮಾಡುವುದಿಲ್ಲ. ಬೇಸಿಗೆಯಲ್ಲಿ ಆಳಕ್ಕಿಳಿದು ಸುರುಳಿ ಸುತ್ತಿಕೊಂಡು ಬಿದ್ದಿರುತ್ತದೆ. ಮೃಗಶಿರಾ ಮಳೆ ಹಿಡಿದು ಮಣ್ಣು ತಂಪಾದ ಮೇಲೆ ಮೇಲಕ್ಕೆ ಬರುತ್ತದೆ. ದರಗು (ಉದುರಿದ ಒಣ ಎಲೆ) ತಿನ್ನುವುದು, ಮೊಟ್ಟೆ ಇಡುವುದು, ಮಣ್ಣು ತಿರುವುವುದು ಎಲ್ಲವೂ ಅಲ್ಲಿಂದ ಕಾರ್ತಿಕದವರೆಗೆ. ನಾವು ತೋಟಕ್ಕೆ ಮದ್ದು ಹೊಡೆಯುವುದೂ ಅದೇ ತಿಂಗಳುಗಳಲ್ಲಿ. ಕೊಳೆ ರೋಗಕ್ಕೆ ತಾಮ್ರ, ಸುಣ್ಣ ಕೂಡಿಸಿ ಮಾಡುವ ಬೋರ್ಡೋ, ಎಲೆಚುಕ್ಕೆಗೆ ಇನ್ನೊಂದು, ಬೇರು ತಿನ್ನುವ ಗೊಣ್ಣೆಹುಳುವಿಗೆ ಬುಡಕ್ಕೆ ಮತ್ತೊಂದು. ಮಲೆನಾಡಿನ ಎರೆಹುಳುವಿಗೆ ಪೆಟ್ಟು ಬೀಳುವುದು ಹೀಗೆ.

ಮದ್ದು ಪೂರ್ತಿ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಕೊಳೆ ಬಂದ ವರ್ಷ ಫಸಲು ಉದುರಿ ಹೋಗುವುದನ್ನು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಮ್ಮ ಮಣ್ಣಿನಲ್ಲಿ ಹುಳು ಎಷ್ಟಿದೆ, ಯಾವ ಮದ್ದು ಅದನ್ನು ತಟ್ಟುತ್ತಿದೆ ಅಂತ ನೋಡಿಕೊಂಡು ಹೊಡೆಯುವುದು ಬೇರೆ, ಸುಮ್ನೆ ಹೊಡೆಯುತ್ತಾ ಹೋಗುವುದು ಬೇರೆ. ನೋಡುವುದಕ್ಕೆ ಬೇಕಾದ ಸಾಮಾನೆಲ್ಲ ಮನೆಯಲ್ಲೇ ಇದೆ.

ಡಬ್ಬಿಯ ಬಣ್ಣ ನಂಬಬೇಡಿ

ಎರೆಹುಳುವಿಗೆ ಶ್ವಾಸಕೋಶ ಇಲ್ಲ. ಅದು ಉಸಿರಾಡುವುದು ಒದ್ದೆ ಚರ್ಮದಿಂದ. ಮಣ್ಣಿನ ನೀರಿನಲ್ಲಿ ಕರಗಿದ ವಿಷ ನೇರ ಮೈಗೆ ಇಳಿಯುತ್ತದೆ. ಜೊತೆಗೆ ಅದು ಮಣ್ಣನ್ನೂ ಕೊಳೆತ ಎಲೆಯನ್ನೂ ನುಂಗುತ್ತದೆ. ಹಾಗಾಗಿ ಎಲೆಗೆ ಹೊಡೆದ ಮದ್ದು ಎಲೆ ಉದುರಿದ ಮೇಲೆ ಹೊಟ್ಟೆಗೂ ಹೋಗುತ್ತದೆ.

ಕೀಟನಾಶಕದ ಡಬ್ಬಿ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಇರುತ್ತದಲ್ವಾ? ಆ ಬಣ್ಣ ಹೇಳುವುದು ಮನುಷ್ಯರಿಗೆ, ದನಕರುಗಳಿಗೆ ಎಷ್ಟು ಅಪಾಯ ಅನ್ನುವುದನ್ನು ಮಾತ್ರ. ಎರೆಹುಳುವಿನ ಲೆಕ್ಕ ಅದರಲ್ಲಿ ಇಲ್ಲ. ಕಾರ್ಬೆಂಡಜಿಮ್ ಇದಕ್ಕೆ ಸರಿಯಾದ ಉದಾಹರಣೆ. ನಮಗೆ ಅದರಿಂದ ತಕ್ಷಣದ ಅಪಾಯ ತೀರಾ ಕಡಿಮೆ. ಆದರೆ ಎರೆಹುಳುವಿಗೆ ಅದು ಅತಿ ಕೆಟ್ಟ ಶಿಲೀಂಧ್ರನಾಶಕಗಳಲ್ಲಿ ಒಂದು. ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅದು ತಾಗಿದ ಎಲೆಯನ್ನು ಹುಳು ಮುಟ್ಟುವುದೇ ಇಲ್ಲ. ಮ್ಯಾಂಕೋಜೆಬ್ ಜೊತೆ ಬೆರೆಸಿ ಬರುವ ಪೊಟ್ಟಣಗಳಲ್ಲೂ ಇದು ಇರುತ್ತದೆ. ಹಾಗಾಗಿ ಅಂಗಡಿಯಲ್ಲಿ ಕಂಪನಿ ಹೆಸರು ನೋಡಿ ತರುವ ಬದಲು, ಒಳಗೆ ಏನಿದೆ ಅನ್ನುವ ಸಣ್ಣ ಅಕ್ಷರ ಓದಿ ತನ್ನಿ.

ಉಳಿದವನ್ನು ಬೇಗ ಹೇಳುತ್ತೇನೆ. ಕಾರ್ಬೋಫ್ಯುರಾನ್ ಗುಳಿಗೆ ಹುಳುವನ್ನು ಕೊಲ್ಲುತ್ತದೆ. ಇಮಿಡಾಕ್ಲೋಪ್ರಿಡ್ ಕೂಡ ಎರೆಹುಳುವಿಗೆ ಬಹಳ ವಿಷ. ಬುಡಕ್ಕೆ ಹೊಯ್ದರೆ ಮಣ್ಣಿನಲ್ಲಿ ದೀರ್ಘ ಕಾಲ ಕೂರುತ್ತದೆ. ಕ್ಲೋರ್‌ಪೈರಿಫಾಸ್ ಅಷ್ಟು ಬೇಗ ಕೊಲ್ಲದಿದ್ದರೂ ನರಗಳನ್ನು ಹಿಡಿದು ಹುಳುವನ್ನು ಮಂಕು ಮಾಡುತ್ತದೆ, ಸಂತಾನವನ್ನು ಕುಗ್ಗಿಸುತ್ತದೆ. ಫೋರೇಟ್ ಅನ್ನು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಹಳೆಯ ಚೀಲ ಕೊಟ್ಟಿಗೆಯ ಅಟ್ಟದಲ್ಲಿ ಉಳಿದಿದ್ದರೆ ಬಳಸಬೇಡಿ. ಹೊಳೆಗೋ ಬಾವಿ ಬದಿಗೋ ಸುರಿಯಲೂ ಬೇಡಿ. ಏನು ಮಾಡಬೇಕೆಂದು ಕೃಷಿ ಇಲಾಖೆಯವರನ್ನೇ ಕೇಳಿ.

ತಾಮ್ರದ ಕಥೆ ಬೇರೆ. ಅದಕ್ಕೆ ಮುಂದೆ ಜಾಸ್ತಿ ಜಾಗ ಕೊಡುತ್ತೇನೆ.

ಮೊದಲ ಕೆಲಸ: ಎಣಿಸಿ

ಎಣಿಸುವುದಕ್ಕೆ ಒಂದು ಗೊತ್ತಾದ ದಿನ ಇಟ್ಟುಕೊಳ್ಳಿ. ನನ್ನ ಮಟ್ಟಿಗೆ ಆಶ್ವಯುಜದ ಭೂಮಿ ಹುಣ್ಣಿಮೆಯ ಆಸುಪಾಸು ಒಳ್ಳೆಯದು. ಜೋರು ಮಳೆ ನಿಂತಿರುತ್ತದೆ, ಮಣ್ಣಿನಲ್ಲಿ ಇನ್ನೂ ಹಸಿ ಇರುತ್ತದೆ, ಹುಳು ಮೇಲ್ಪದರದಲ್ಲೇ ಇರುತ್ತದೆ. ಹೇಗೂ ಹುಣ್ಣಿಮೆ ದಿನ ಭೂಮಿ ಪೂಜೆಗೆ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆ ತೋಟಕ್ಕೆ ಹೋಗುತ್ತೇವೆ. ಮಾರನೇ ಬೆಳಿಗ್ಗೆ ಹಾರೆ, ಗುದ್ದಲಿ ಹಿಡಿದು ಇನ್ನೊಮ್ಮೆ ಹೋಗಿ. ಬಿಸಿಲೇರುವ ಮೊದಲು ಮುಗಿಸಬೇಕು.

25 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ ಗುರುತು ಹಾಕಿ. ಮೇಲಿನ ದರಗನ್ನು ಮೊದಲು ಎತ್ತಿ ಬೇರೆ ಇಡಿ. ಅದರ ಅಡಿಯಲ್ಲೂ ಹುಳು ಇರುತ್ತದೆ. ಆಮೇಲೆ 30 ಸೆಂಟಿಮೀಟರ್ ಆಳದವರೆಗೆ ಮಣ್ಣನ್ನು ಹೆಂಟೆಯಾಗಿಯೇ ಬೇಗ ಎತ್ತಿ ಗೋಣಿ ತಾಟಿನ ಮೇಲೆ ಹಾಕಿ. ನಿಧಾನ ಮಾಡಿದರೆ ಹುಳು ಅಡಿಗೆ ಜಾರುತ್ತದೆ. ಕೈಯಲ್ಲಿ ಹೆಂಟೆ ಒಡೆಯುತ್ತಾ ಹುಳುಗಳನ್ನು ನೀರಿರುವ ಬೋಗುಣಿಗೆ ಹಾಕಿ. ತುಂಡಾದ ಹುಳುವಿದ್ದರೆ ತಲೆಯ ಭಾಗ ಮಾತ್ರ ಎಣಿಸಿ. ಬಂದ ಸಂಖ್ಯೆಯನ್ನು 16ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಲೆಕ್ಕ ಸಿಗುತ್ತದೆ.

ಆಳದ ಹುಳು ಗುಂಡಿಯ ತಳದಲ್ಲಿ ಉಳಿದಿರಬಹುದು. ಅದಕ್ಕೆ ಸಾಸಿವೆ ಸಾಕು. ಅರೆದ ಸಾಸಿವೆ ಪುಡಿ 50 ಗ್ರಾಂ ತೆಗೆದುಕೊಂಡು ಸ್ವಲ್ಪ ನೀರಲ್ಲಿ ಕಲಸಿ, ಕೆಲವು ಗಂಟೆ ಬಿಟ್ಟು, 10 ಲೀಟರ್ ನೀರಿಗೆ ಬೆರೆಸಿ. ನಿಧಾನಕ್ಕೆ ಗುಂಡಿಗೆ ಹೊಯ್ಯಿರಿ. ಖಾರ ತಾಳಲಾರದೆ ಹುಳು ಮೇಲೆ ಬರುತ್ತದೆ. ಬಂದದ್ದನ್ನು ತಕ್ಷಣ ಸ್ವಚ್ಛ ನೀರಲ್ಲಿ ತೊಳೆದು, ಎಣಿಸಿ, ಬೇರೆ ಜಾಗದ ತಂಪು ಮಣ್ಣಿಗೆ ಬಿಡಿ.

ಎಕರೆಗೆ ಐದಾರು ಕಡೆ ಹೀಗೆ ಮಾಡಬೇಕು. ಮರದ ಬುಡದಲ್ಲಿ, ಎರಡು ಮರದ ನಡುವೆ, ಬಸಿಗಾಲುವೆ ಬದಿಯಲ್ಲಿ, ಮದ್ದು ಕದಡುವ ಜಾಗದ ಹತ್ತಿರ. ಮರೆಯದೆ ಇನ್ನೊಂದು ಗುಂಡಿ ತೋಟಕ್ಕೆ ಸೊಪ್ಪು ತರುವ ಕಾಡಿನ, ಅಂದರೆ ಸೊಪ್ಪಿನ ಬೆಟ್ಟದ ಅಂಚಿನಲ್ಲಿ, ಯಾವ ಮದ್ದೂ ಬೀಳದ ಕಡೆ. ನಿಮ್ಮ ತೋಟಕ್ಕೆ ಅಳತೆಗೋಲು ಅದೇ. ಇಷ್ಟು ಹುಳು ಇದ್ದರೆ ಮಣ್ಣು ಪಾಸು, ಇಷ್ಟಾದರೆ ಫೇಲು ಅಂತ ಯಾವುದೋ ಊರಿನ ಅಂಕಿ ಹಿಡಿದು ಕೂರಬೇಡಿ.

ಸಂಖ್ಯೆಗಿಂತ ಹೆಚ್ಚು ಹೇಳುವುದು ಹುಳುಗಳ ವಯಸ್ಸು. ಬೆಳೆದ ಹುಳುವಿನ ಕತ್ತಿನ ಕಡೆ ದಪ್ಪ ಪಟ್ಟಿಯಂಥ ಭಾಗ ಇರುತ್ತದೆ. ಮರಿಗಳಿಗೆ ಅದಿಲ್ಲ. ಮಣ್ಣನ್ನು ಹುಡಿ ಮಾಡುವಾಗ ಸಣ್ಣ ನಿಂಬೆಹಣ್ಣಿನ ಆಕಾರದ, ಕಾಳಿನಷ್ಟು ಗಾತ್ರದ, ಹಳದಿ ಕಂದು ಬಣ್ಣದ ಗೂಡುಗಳು ಸಿಗುತ್ತವಾ ನೋಡಿ. ಅವೇ ಮೊಟ್ಟೆಯ ಗೂಡುಗಳು. ಬೆಳೆದ ಹುಳುಗಳಿವೆ, ಆದರೆ ಮರಿಯೂ ಇಲ್ಲ ಗೂಡೂ ಇಲ್ಲ ಅಂದರೆ ಸಂತಾನ ನಿಂತಿದೆ ಅಂತ ಅರ್ಥ. ಹುಳು ಇದೆಯಲ್ಲ ಅಂತ ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ. ಕೆಲವೇ ವರ್ಷದಲ್ಲಿ ಆ ಜಾಗ ಖಾಲಿಯಾಗುತ್ತದೆ.

ಮೊದಲ ಜೋರು ಮಳೆಗೆ ರಸ್ತೆ, ಅಂಗಳಕ್ಕೆಲ್ಲ ಹುಳು ಬರುವುದು ಪ್ರತಿ ವರ್ಷದ ಸಂಗತಿ, ಅದು ಮದ್ದಿನಿಂದ ಅಲ್ಲ. ಗುಳಿಗೆ ಹಾಕಿದ ಅಥವಾ ಬುಡಕ್ಕೆ ಮದ್ದು ಹೊಯ್ದ ಒಂದೆರಡು ದಿನದಲ್ಲಿ, ಮಳೆಯೂ ಇಲ್ಲದೆ, ಹುಳು ಮೇಲೆ ಬಂದು ಹೊರಳಾಡಿದರೆ ಅದು ವಿಷದ ಲಕ್ಷಣ. ಅಂಥ ಹುಳುವನ್ನು ಬೆಳ್ಳಕ್ಕಿ, ಮಡಿವಾಳ ಹಕ್ಕಿ ತಿನ್ನದಂತೆ ಆರಿಸಿ ಹೂತುಬಿಡಿ.

ಎರಡನೆಯದು: ಹುಳುವಿನ ಬಾಯಿಂದಲೇ ಕೇಳುವ ಪರೀಕ್ಷೆ

ಪ್ರಯೋಗಾಲಯದವರು ಮಾಡುವ ಒಂದು ಪರೀಕ್ಷೆಯನ್ನು ಮನೆ ಜಗಲಿಯಲ್ಲೇ ಮಾಡಬಹುದು. ಎರೆಹುಳು ತನಗೆ ಆಗದ ಮಣ್ಣಿನಿಂದ ಸರಿದು ಹೋಗುತ್ತದೆ. ಅದನ್ನೇ ಬಳಸಿಕೊಳ್ಳುವುದು.

ಒಂದು ಅಗಲವಾದ ಪ್ಲಾಸ್ಟಿಕ್ ಟಬ್ ತೆಗೆದುಕೊಳ್ಳಿ. ನಡುವೆ ರಟ್ಟಿನ ತುಂಡು ನಿಲ್ಲಿಸಿ. ಒಂದು ಕಡೆ ಮದ್ದು ಬಿದ್ದ ಜಾಗದ ಮಣ್ಣು, ಇನ್ನೊಂದು ಕಡೆ ಮದ್ದು ಬೀಳದ ಜಾಗದ ಮಣ್ಣು. ಎರಡೂ ಒಂದೇ ಜಾತಿಯ ಮಣ್ಣಾಗಿರಲಿ, ಒಂದೇ ಹದದ ಹಸಿ ಇರಲಿ. ಒಂದು ಕಡೆ ಗೊಬ್ಬರ ಜಾಸ್ತಿ ಇದ್ದರೆ ಹುಳು ಊಟದ ಆಸೆಗೆ ಅತ್ತ ಹೋಗುತ್ತದೆ, ಪರೀಕ್ಷೆ ಕೆಡುತ್ತದೆ. ರಟ್ಟು ತೆಗೆದು, ನಡುವಿನ ಗೆರೆಯ ಮೇಲೆ ಪಟ್ಟಿ ಬಂದಿರುವ 10 ಹುಳು ಬಿಡಿ. ಗಾಳಿಯಾಡುವ ಬಟ್ಟೆ ಕಟ್ಟಿ 48 ಗಂಟೆ ನೆರಳಿನಲ್ಲಿಡಿ. ಆಮೇಲೆ ರಟ್ಟನ್ನು ಅದೇ ಗೆರೆಗೆ ತೂರಿಸಿ ಎರಡೂ ಕಡೆ ಎಣಿಸಿ.

ಮದ್ದಿನ ಮಣ್ಣಿನಲ್ಲಿ 10ರಲ್ಲಿ 2 ಹುಳುವೂ ಉಳಿಯದಿದ್ದರೆ ಆ ಮಣ್ಣು ಹುಳು ಬದುಕಲು ತಕ್ಕುದಲ್ಲ ಅಂತ ತೀರ್ಮಾನಿಸುವುದು ವಾಡಿಕೆ. ಒಂದೇ ಟಬ್ ನೋಡಿ ನಿರ್ಧಾರ ಮಾಡಬೇಡಿ. ನಾಲ್ಕೈದು ಟಬ್ ಇಡಿ. ಒಂದರಲ್ಲಿ ಎರಡೂ ಕಡೆ ಒಳ್ಳೆ ಮಣ್ಣೇ ಹಾಕಿ. ಅದರಲ್ಲೂ ಹುಳು ಒಂದೇ ಕಡೆ ಸೇರಿದ್ದರೆ ಬೆಳಕೋ ಬಿಸಿಯೋ ತೊಂದರೆ ಕೊಡುತ್ತಿದೆ, ಜಾಗ ಬದಲಿಸಿ ಮತ್ತೆ ಮಾಡಿ. ಶಾಲೆಗೆ ಹೋಗುವ ಮಕ್ಕಳನ್ನು ಇದಕ್ಕೆ ಸೇರಿಸಿಕೊಳ್ಳಿ. ಅವರಷ್ಟು ಚುರುಕಾಗಿ ಎಣಿಸುವವರು ಮನೆಯಲ್ಲಿ ಇನ್ಯಾರೂ ಇರುವುದಿಲ್ಲ.

ನೀರು ಇಂಗುವ ಹೊತ್ತು

ಹುಳು ಕೊರೆದ ಬಿಲಗಳಲ್ಲೇ ಮಳೆ ನೀರು ಕೆಳಗಿಳಿಯುವುದು. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ನೀರು ಒಳಗಿಳಿಯದಿದ್ದರೆ ಬೇರು ಉಸಿರುಕಟ್ಟುತ್ತದೆ, ಮೇಲ್ಮಣ್ಣು ಕೊಚ್ಚಿ ಹೋಗುತ್ತದೆ. 6 ಇಂಚು ಅಗಲದ ಪಿವಿಸಿ ಪೈಪಿನ ತುಂಡನ್ನು 3 ಇಂಚು ಮಣ್ಣಿಗೆ ಬಡಿದು, 450 ಮಿಲಿಲೀಟರ್ ನೀರು ಹೊಯ್ದು, ಅದು ಇಂಗಿದ ಮೇಲೆ ಮತ್ತೊಮ್ಮೆ ಅಷ್ಟೇ ಹೊಯ್ದು ಎರಡನೇ ಸಲದ ಹೊತ್ತು ಬರೆದುಕೊಳ್ಳಿ. ಇದನ್ನೂ ಸೊಪ್ಪಿನ ಬೆಟ್ಟದ ಅಂಚಿನ ಜೊತೆ ಹೋಲಿಸಿ.

ಮಣ್ಣಿನ ಮೇಲಿನ ದರಗನ್ನೂ ಗಮನಿಸಿ. ಕಳೆದ ವರ್ಷದ್ದು, ಅದರ ಹಿಂದಿನದ್ದು ಪದರ ಪದರವಾಗಿ ಹಾಗೇ ಕೂತಿದ್ದರೆ ತಿನ್ನುವವರು ಕಡಿಮೆಯಾಗಿದ್ದಾರೆ ಅಂತಲೇ ಲೆಕ್ಕ. ತಾಮ್ರ ಹೊಡೆದೂ ಹೊಡೆದೂ ಎರೆಹುಳು ಹೋದ ಯುರೋಪಿನ ಹಳೆಯ ಸೇಬಿನ ತೋಟಗಳಲ್ಲಿ ಹೀಗೆ ಕೊಳೆಯದ ಎಲೆಯ ಚಾಪೆಯೇ ಕಟ್ಟಿಕೊಂಡಿದ್ದು ದಾಖಲಾಗಿದೆ.

ತಾಮ್ರದ ಲೆಕ್ಕ ಬರೆಯಿರಿ

ಬೋರ್ಡೋ ದ್ರಾವಣ ಫ್ರಾನ್ಸಿನಲ್ಲಿ ಹುಟ್ಟಿದ್ದು 1885ರ ಹೊತ್ತಿಗೆ. ನಮ್ಮ ಅಡಿಕೆಗೆ ಅದನ್ನು ತಂದ ಶ್ರೇಯಸ್ಸು 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ ಅವರಿಗೆ ಸಲ್ಲಬೇಕು. ಕೊಳೆ ರೋಗದ ಬಗ್ಗೆ ಅವರ ವರದಿ ಬಂದದ್ದು 1910ರಲ್ಲಿ. ಅಂದರೆ ಒಂದು ಶತಮಾನ ದಾಟಿತು. ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಮಣ್ಣಿಗೆ ಬಿದ್ದದ್ದು ಬಹುಪಾಲು ಮೇಲಿನ ಕೆಲವು ಇಂಚಿನಲ್ಲೇ, ಹುಳು ಓಡಾಡುವ ಪದರದಲ್ಲೇ, ಉಳಿಯುತ್ತದೆ.

ಶೇಕಡಾ 1ರ ಬೋರ್ಡೋಗೆ 200 ಲೀಟರ್ ಡ್ರಮ್ಮಿಗೆ 2 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್) ಬೇಕು. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಹಾಗಾದರೆ ಒಂದು ಡ್ರಮ್ಮಿಗೆ ಅರ್ಧ ಕೆಜಿ. ಎಕರೆಗೆ ಮೂರು ಡ್ರಮ್ ಬೇಕಾದರೆ ಒಂದು ಸುತ್ತಿಗೆ ಒಂದೂವರೆ ಕೆಜಿ, ಎರಡು ಸುತ್ತಿಗೆ ಮೂರು ಕೆಜಿ. ಐರೋಪ್ಯ ಒಕ್ಕೂಟದಲ್ಲಿ ತಾಮ್ರಕ್ಕೆ ಮಿತಿ ಇದೆ: 7 ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ. ಎಕರೆಗೆ ಇಳಿಸಿದರೆ ವರ್ಷಕ್ಕೆ ಸುಮಾರು 1.6 ಕೆಜಿ. ನಮ್ಮ ಒಂದೇ ಸುತ್ತು ಅದರ ಹತ್ತಿರ ಹೋಗುತ್ತದೆ.

ಇನ್ನೂ ಮುಂದೆ ಹೋಗೋಣ. ಒಂದು ಎಕರೆಯ ಮೇಲಿನ 6 ಇಂಚು ಮಣ್ಣಿನ ತೂಕ ಸುಮಾರು 9 ಲಕ್ಷ ಕೆಜಿ. ವರ್ಷಕ್ಕೆ 3 ಕೆಜಿ ತಾಮ್ರ, 30 ವರ್ಷ, ಎಲ್ಲವೂ ಅಲ್ಲೇ ಉಳಿಯಿತು ಅಂದುಕೊಂಡರೆ ಕೆಜಿ ಮಣ್ಣಿಗೆ 100 ಮಿಲಿಗ್ರಾಂ ಸೇರುತ್ತದೆ. ಸ್ವಲ್ಪ ಗೊನೆಯ ಜೊತೆ ಹೋಗುತ್ತದೆ, ಸ್ವಲ್ಪ ಬಸಿಗಾಲುವೆಯಲ್ಲಿ ಹೋಗುತ್ತದೆ, ನಿಜ. ಆದರೆ ಬಿದ್ದದ್ದು ಎಲ್ಲ ಕಡೆ ಸಮನಾಗಿಯೂ ಬೀಳುವುದಿಲ್ಲ. ಮರದ ಬುಡದಲ್ಲಿ, ಡ್ರಮ್ ಇಡುವ ಜಾಗದಲ್ಲಿ ಬಹಳ ಜಾಸ್ತಿ. ಹುಳುವನ್ನು ಸಾಯಿಸಲು ಬೇಕಾದ್ದಕ್ಕಿಂತ ಎಷ್ಟೋ ಕಡಿಮೆ ತಾಮ್ರದಲ್ಲೇ ಅದು ಮೊಟ್ಟೆ ಇಡುವುದು ಕುಗ್ಗುತ್ತದೆ. ಮಲೆನಾಡಿನ ಹುಳಿ ಮಣ್ಣಿನಲ್ಲಿ ತಾಮ್ರ ಜಾಸ್ತಿ ಕರಗುವುದರಿಂದ ಏಟೂ ಜಾಸ್ತಿ.

ಇದಕ್ಕೆ ಮಾಡಬೇಕಾದದ್ದು:

ಮಣ್ಣು ಪರೀಕ್ಷೆ ಮಾಡಿಸಿ. ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ತಾಮ್ರ, ಪಿಎಚ್ (ಮಣ್ಣಿನ ಹುಳಿಯ ಅಳತೆ), ಸಾವಯವ ಇಂಗಾಲ ಮೂರೂ ಇವೆ. ನಾವು ಸಾಮಾನ್ಯವಾಗಿ ಸಾರಜನಕ, ರಂಜಕ, ಪೊಟ್ಯಾಷ್ ಮಾತ್ರ ನೋಡಿ ಚೀಟಿ ಮಡಚಿಡುತ್ತೇವೆ. ತಾಮ್ರದ ಸಾಲನ್ನೂ ಓದಿ. ಬುಡದ ಮಣ್ಣು, ನಡುವಿನ ಮಣ್ಣು ಬೇರೆ ಬೇರೆ ಕೊಡಿ. ಶಿವಮೊಗ್ಗದ ನವಿಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ದ್ರಾವಣ ಸರಿಯಾಗಿ ತಯಾರಿಸಿ. ಅರೆಬರೆ ಬೋರ್ಡೋದಲ್ಲಿ ಸುಣ್ಣದ ಜೊತೆ ಕೂಡದ ತಾಮ್ರ ಉಳಿಯುತ್ತದೆ. ಅದು ಹಿಂಗಾರವನ್ನೂ ಸುಡುತ್ತದೆ, ಮಣ್ಣಿಗೂ ಬೇಗ ಇಳಿಯುತ್ತದೆ. ಮೈಲುತುತ್ತವನ್ನು ಅರ್ಧ ನೀರಲ್ಲಿ, ಸುಣ್ಣವನ್ನು ಇನ್ನರ್ಧ ನೀರಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕಲಕುತ್ತಾ ಹೊಯ್ಯಿರಿ. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಒಂದು ನಿಮಿಷ ಅದರಲ್ಲಿ ಅದ್ದಿ ತೆಗೆಯಿರಿ. ಕತ್ತಿಯ ಮೇಲೆ ಕೆಂಪಗೆ ತಾಮ್ರ ಹತ್ತಿದರೆ ಇನ್ನೂ ಸುಣ್ಣ ಬೇಕು. ಹತ್ತದಿದ್ದರೆ ಹದ ಬಂತು. ಅವತ್ತು ಕಲಸಿದ್ದನ್ನು ಅವತ್ತೇ ಮುಗಿಸಿ.

ಹದ ಶೇಕಡಾ 1ರಿಂದ 2ಕ್ಕೆ ಏರಿಸಬೇಡಿ. ಕೊಳೆ ಹೆದರಿಕೆಗೆ ಹೀಗೆ ಏರಿಸುವವರಿದ್ದಾರೆ. ಅದಕ್ಕಿಂತ ಹೊತ್ತು ಮುಖ್ಯ. ಮುಂಗಾರು ಹಿಡಿಯುವ ಮೊದಲು ಒಣ ಹವೆಯಲ್ಲಿ ಒಂದು ಸುತ್ತು, 40–45 ದಿನದ ಮೇಲೆ ಮಳೆ ಬಿಟ್ಟ ಹೊಳವು ನೋಡಿ ಇನ್ನೊಂದು. ರಾಳದ ಅಂಟು ಸೇರಿಸಿದರೆ ಗೊನೆಗೆ ಹಿಡಿಯುತ್ತದೆ, ಮಳೆಗೆ ತೊಳೆದು ಬುಡಕ್ಕೆ ಬರುವುದು ಕಡಿಮೆಯಾಗುತ್ತದೆ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರಿಗೆ ಗೊನೆಗೆ ಮಾತ್ರ ತಾಗುವಂತೆ ಹೊಡೆಯಲು ಹೇಳಿ. ಡ್ರಮ್ ಲೆಕ್ಕದಲ್ಲಿ ಅವಸರ ಮಾಡಿಸಿದರೆ ಅರ್ಧ ಮದ್ದು ನೆಲಕ್ಕೇ ಬೀಳುತ್ತದೆ. ಕೆಲಸಕ್ಕೆ ದಿನದ ಲೆಕ್ಕದಲ್ಲಿ ಕೂಲಿ ಕೊಡುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಉದುರಿದ ಕೊಳೆ ಕಾಯಿ ಹೆಕ್ಕಿ ತೋಟದಿಂದ ಹೊರಗೆ ಹಾಕಿ. ಬಸಿಗಾಲುವೆ ಬಿಡಿಸಿ. ಕೈಗೆಟುಕುವ ಎಳೆ ತೋಟದಲ್ಲಾದರೂ ಗೊನೆಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟಿ. ಮೂರನೇ ಸುತ್ತು ತಪ್ಪಿಸಿಕೊಳ್ಳುವ ದಾರಿ ಇವೇ.

ಮದ್ದು ಕದಡುವುದಕ್ಕೆ ಒಂದೇ ಜಾಗ ಗೊತ್ತು ಮಾಡಿ, ಬಾವಿ, ಕಾಲುವೆ, ಮರದ ಸಾಲಿನಿಂದ ದೂರ. ಡ್ರಮ್ ತೊಳೆದ ನೀರನ್ನು ಮುಂದಿನ ಡ್ರಮ್ಮಿಗೇ ಬಳಸಿ. ತೋಟದ ಎಲ್ಲ ಮೂಲೆಯೂ ಕೆಡುವುದಕ್ಕಿಂತ ಒಂದು ಮೂಲೆ ಕೆಟ್ಟರೆ ವಾಸಿ.

ಬುಡಕ್ಕೆ ಹೊಯ್ಯುವ ಮದ್ದು

ಎಲೆಗೆ ಹೊಡೆದದ್ದರಲ್ಲಿ ಒಂದು ಪಾಲು ಮಾತ್ರ ನೆಲಕ್ಕೆ ಬರುತ್ತದೆ. ಬುಡಕ್ಕೆ ಹೊಯ್ದದ್ದು ಪೂರ್ತಿ ಹುಳುವಿನ ಮೇಲೆಯೇ. ಹಾಗಾಗಿ ಇಲ್ಲಿ ಕೈ ಬಿಗಿ ಹಿಡಿಯಬೇಕು.

ಗೊಣ್ಣೆಹುಳು ಇದೆ ಅಂತ ಇಡೀ ತೋಟಕ್ಕೆ ಹೊಯ್ಯುವ ಮೊದಲು ಹಳದಿ ತಿರುಗಿದ, ಅಲುಗಾಡುವ ಮರದ ಬುಡ ಬಿಡಿಸಿ ನೋಡಿ. ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿದ ಬಿಳಿ ಹುಳು ಸಿಕ್ಕ ಮರಗಳಿಗೆ ಮಾತ್ರ ಗುರುತು ಹಾಕಿ. ಮೊದಲ ಮಳೆ ಬಿದ್ದ ಮೇಲೆ ಸಂಜೆ ಮಬ್ಬಿನಲ್ಲಿ ದುಂಬಿಗಳು ಮಣ್ಣಿನಿಂದ ಎದ್ದು ಬರುತ್ತವೆ. ಆಗ ಊರಿನವರೆಲ್ಲ ಸೇರಿ ಹಿಡಿದರೆ ಮೊಟ್ಟೆ ಬೀಳುವ ಮೊದಲೇ ಅರ್ಧ ಕೆಲಸ ಮುಗಿಯುತ್ತದೆ. ಒಬ್ಬರ ತೋಟದಲ್ಲಿ ಹಿಡಿದು ಪಕ್ಕದವರು ಸುಮ್ಮನಿದ್ದರೆ ಪ್ರಯೋಜನ ಇಲ್ಲ. ಮರಿ ಸಣ್ಣದಿರುವಾಗ ಮೆಟಾರೈಜಿಯಂ ಶಿಲೀಂಧ್ರವನ್ನು ಹಳೆ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಬುಡಕ್ಕೆ ಕೊಡಬಹುದು. ಅದು ಎರೆಹುಳುವಿನ ತಂಟೆಗೆ ಹೋಗುವುದಿಲ್ಲ. ಆದರೆ ಅದರ ಜೊತೆಗೇ ಬುಡಕ್ಕೆ ತಾಮ್ರದ ಮದ್ದು ಹೊಯ್ದರೆ ಆ ಶಿಲೀಂಧ್ರವೇ ಸಾಯುತ್ತದೆ. ಇಷ್ಟಾಗಿಯೂ ರಾಸಾಯನಿಕ ಬೇಕೇ ಆದರೆ ಗುರುತು ಹಾಕಿದ ಮರಕ್ಕೆ ಮಾತ್ರ, ಹೇಳಿದ ಅಳತೆಯಲ್ಲಿ, ಸಾಲು ಬಿಟ್ಟು ಸಾಲಿನಲ್ಲಿ.

ಕಳೆನಾಶಕದ ಬಗ್ಗೆ ಎರಡೇ ಮಾತು. ಗ್ಲೈಫೋಸೇಟ್ ಹುಳುವನ್ನು ಅಲ್ಲೇ ಕೊಲ್ಲುವುದಿಲ್ಲ. ಆದರೆ ಹಸಿರು ಹೋದ ಬರಿ ನೆಲಕ್ಕೆ ಮಲೆನಾಡಿನ ಮಳೆ ಬಡಿದರೆ ಹುಳುವಿಗೆ ಊಟವೂ ಇಲ್ಲ, ಮರೆಯೂ ಇಲ್ಲ. ಯಂತ್ರದಲ್ಲಿ ಕಳೆ ಸವರಿ, ಸವರಿದ್ದನ್ನು ಅಲ್ಲೇ ಹಾಸಿ.

ಶುಂಠಿಗೆ ಗದ್ದೆ ಕೊಡುವವರಿಗೆ

ಸೊರಬ, ಶಿಕಾರಿಪುರ, ಸಾಗರದ ಕಡೆ ಶುಂಠಿಗೆ ಗದ್ದೆ ಗುತ್ತಿಗೆ ಕೊಡುವುದು ಈಗ ಮಾಮೂಲು. ಶುಂಠಿಯ ಗೆಡ್ಡೆ ಕೊಳೆಗೆ ಮದ್ದು ಹೊಯ್ಯುವುದು ಮಣ್ಣಿಗೇ, ಅದೂ ಪದೇ ಪದೇ. ಬೆಳೆದವರು ಕಿತ್ತುಕೊಂಡು ಹೋಗುತ್ತಾರೆ, ಮಣ್ಣು ನಮ್ಮದಾಗಿ ಉಳಿಯುತ್ತದೆ. ಗುತ್ತಿಗೆ ಪತ್ರದಲ್ಲಿ ಹಣ, ಅವಧಿ ಬರೆಯುವ ಹಾಗೆ ಯಾವ ಮದ್ದು ಹೊಯ್ದರು ಅನ್ನುವ ಪಟ್ಟಿ ಕೊಡಬೇಕು ಅಂತಲೂ ಬರೆಸಿ. ಗದ್ದೆ ಕೊಡುವ ಮೊದಲು ಒಮ್ಮೆ, ವಾಪಸ್ ಬಂದ ಮೇಲೆ ಒಮ್ಮೆ ಹುಳು ಎಣಿಸಿ. ಬದುವಿನ ಹುಲ್ಲನ್ನು ಸುಡಲು, ಕೆತ್ತಲು ಬಿಡಬೇಡಿ. ಗದ್ದೆಗೆ ಹುಳು ಮರಳುವುದು ಆ ಬದುವಿನಿಂದಲೇ.

ಹುಳು ವಾಪಸ್ ತರುವುದು

ಗೊಬ್ಬರದ ತೊಟ್ಟಿಯ ಹುಳು ಕೊಂಡು ತಂದು ತೋಟಕ್ಕೆ ಬಿಡುವವರಿದ್ದಾರೆ. ದುಡ್ಡು ದಂಡ. ತೊಟ್ಟಿಯಲ್ಲಿ ಸಾಕುವ ಆಫ್ರಿಕಾ ಹುಳು ಕೊಳೆತ ಗೊಬ್ಬರದಲ್ಲಿ ಬದುಕುವ ಜಾತಿ. ಮಣ್ಣು ಕೊರೆದು ಆಳಕ್ಕೆ ಹೋಗುವ ಕೆಲಸ ಅದರದ್ದಲ್ಲ. ತೋಟಕ್ಕೆ ಬೇಕಾದದ್ದು ಇದೇ ಊರಿನ ಮಣ್ಣಿನ ಹುಳು.

ಮೊದಲು ಜಾಗ ತಯಾರಾಗಲಿ. ಪಿಎಚ್ 5.5ಕ್ಕಿಂತ ಕೆಳಗಿದ್ದರೆ ಪರೀಕ್ಷೆಯಲ್ಲಿ ಹೇಳಿದಷ್ಟು ಸುಣ್ಣ ಅಥವಾ ಡೋಲೊಮೈಟ್ ಅನ್ನು ಮಳೆಗೆ ಮುಂಚೆ ಕೊಡಿ. ಹುಳಿ ತಗ್ಗಿದರೆ ತಾಮ್ರದ ಕಾಟವೂ ತಗ್ಗುತ್ತದೆ. ಸುಣ್ಣ ಕೊಟ್ಟ ಕೂಡಲೇ ಗೊಬ್ಬರ ಹಾಕಬೇಡಿ, ಎರಡು ಮೂರು ವಾರ ಬಿಡಿ. ಸೋಗೆ, ಹಾಳೆ, ಸಿಪ್ಪೆಯನ್ನು ಸುಡದೆ ಸಾಲಿನ ನಡುವೆ ಹಾಸಿ. ಸೊಪ್ಪು, ಕೊಟ್ಟಿಗೆ ಗೊಬ್ಬರ ನಿಲ್ಲಿಸಬೇಡಿ. ಸಾವಯವ ಅಂಶ ಜಾಸ್ತಿಯಾದಷ್ಟೂ ತಾಮ್ರವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ.

ಆಮೇಲೆ ಆರಿದ್ರಾ, ಪುನರ್ವಸು ಮಳೆಯ ಹೊತ್ತಿಗೆ ಹುಳು ಜಾಸ್ತಿ ಇರುವ, ಮದ್ದು ಬೀಳದ ನಿಮ್ಮದೇ ಬೆಟ್ಟದ ಅಂಚಿನಿಂದ ಒಂದಡಿ ಚೌಕದ ಹೆಂಟೆಗಳನ್ನು ಹುಳು, ಗೂಡು, ಬೇರು ಸಮೇತ ಎತ್ತಿ. ಒಂದೇ ಕಡೆ ಜಾಸ್ತಿ ಅಗೆಯದೆ ಅಲ್ಲೊಂದು ಇಲ್ಲೊಂದು ತೆಗೆಯಿರಿ. ರೋಗ ಬಂದ ಮರದ ಹತ್ತಿರದ್ದು ಬೇಡ. ತೋಟದಲ್ಲಿ ಮರದ ಸಾಲಿನ ನಡುವೆ, ಗೊನೆಯಿಂದ ಮದ್ದು ತೊಟ್ಟಿಕ್ಕದ ಕಡೆ ಕೂರಿಸಿ ದಪ್ಪಗೆ ದರಗು ಮುಚ್ಚಿ. ಎರೆಹುಳು ತಾನಾಗಿ ಹರಡುವುದು ವರ್ಷಕ್ಕೆ ಕೆಲವೇ ಮೀಟರ್. ಆದ್ದರಿಂದ ಒಂದೇ ಮೂಲೆಯಲ್ಲಿ ರಾಶಿ ಹಾಕುವ ಬದಲು ಹತ್ತು ಹೆಜ್ಜೆಗೆ ಒಂದರಂತೆ ಇಡಿ. ಹೆಂಟೆ ಇಟ್ಟ ಜಾಗಕ್ಕೆ ಗೂಟ ನೆಟ್ಟು, ಮುಂದಿನ ಭೂಮಿ ಹುಣ್ಣಿಮೆಗೆ ಗೂಟದಿಂದ ಎರಡು ಹೆಜ್ಜೆ ಆಚೆ ಗುಂಡಿ ತೆಗೆದು ಎಣಿಸಿ. ಮೊದಲು ನೋಡಬೇಕಾದದ್ದು ಪಟ್ಟಿ ಬಾರದ ಮರಿಗಳು ಎಷ್ಟಿವೆ ಅನ್ನುವುದನ್ನು.